ಕಾಲೇಜು ಕ್ರೀಡಾಪಟುವಿನ ಸಂಭಾವನೆ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಹವ್ಯಾಸಿ–ವೃತ್ತಿಪರ ಗೆರೆ

ಕಾಲೇಜಿನಲ್ಲಿ ಓದುತ್ತಲೇ ಆಟದಿಂದ ಹಣವನ್ನೋ ಹಣದ ಬೆಲೆಯುಳ್ಳ ಬೇರೇನನ್ನೋ ಪಡೆಯುವ ವಿದ್ಯಾರ್ಥಿ ಹವ್ಯಾಸಿಯೋ ವೃತ್ತಿಪರನೋ ಎಂಬ ಪ್ರಶ್ನೆ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. 2021 ಮತ್ತು 2025ರ ತೀರ್ಮಾನಗಳು ಅಲ್ಲಿನ ಕಾಲೇಜು ಕ್ರೀಡೆಯ ಬುಡವನ್ನೇ ಬದಲಿಸಿದವು. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲೂಕುಗಳಲ್ಲಿ ಇದೇ ಪ್ರಶ್ನೆಗೆ ಬೇರೆ ಮುಖವಿದೆ. ಇಲ್ಲಿ ಅದು ಬಸ್ ಚಾರ್ಜು, ಫೀಸು ಮಾಫಿ, ಹಾಸ್ಟೆಲ್ ಊಟ, ಒಂದು ಜೊತೆ ಸ್ಪೋರ್ಟ್ಸ್ ಶೂ, ರಾತ್ರಿ ಪಂದ್ಯದ ಬಹುಮಾನದಲ್ಲಿ ಪಾಲು, ಕೊನೆಗೆ ಕ್ರೀಡಾ ಕೋಟಾದ ನೌಕರಿ. ಆಟಗಾರನಿಗೆ ಏನಾದರೂ ಕೊಡುವ ವಾಡಿಕೆ ಈ ಸೀಮೆಗೆ ಹೊಸದಲ್ಲ. ಹೊಸದಾಗಿರುವುದು ಮೊತ್ತ, ಮತ್ತು ಆ ಮೊತ್ತ ಕೈಗೆ ಬರುವ ವಯಸ್ಸು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಬರಹ ಇಲ್ಲದಿರುವುದು ಮಾತ್ರ ಹಾಗೆಯೇ ಉಳಿದಿದೆ.

ಪದಗಳು

ಕನ್ನಡದಲ್ಲಿ ಹವ್ಯಾಸಿ, ವೃತ್ತಿ ಎಂಬ ಜೋಡಿ ಪದಗಳನ್ನು ಮೈದಾನಕ್ಕಿಂತ ಹೆಚ್ಚಾಗಿ ಪಳಗಿಸಿದ್ದು ರಂಗಭೂಮಿ. ಗುಬ್ಬಿ ಕಂಪನಿಯಂಥವು ವೃತ್ತಿ ರಂಗಭೂಮಿ. ವಕೀಲರು, ಮೇಷ್ಟ್ರುಗಳು, ಗುಮಾಸ್ತರು ಸಂಜೆ ಕೂಡಿ ತಾಲೀಮು ನಡೆಸಿ ಆಡುವುದು ಹವ್ಯಾಸಿ ರಂಗಭೂಮಿ. ಕರಾವಳಿ–ಮಲೆನಾಡಿನ ಯಕ್ಷಗಾನದಲ್ಲಿ ಹವ್ಯಾಸಿ ತಂಡದವರು ಮೇಳದ ಒಬ್ಬ ಹೆಸರಾಂತ ವೇಷಧಾರಿಯನ್ನು ಹಣ ಕೊಟ್ಟು ಕರೆಸಿಕೊಂಡರೆ ಆತ ‘ಅತಿಥಿ ಕಲಾವಿದ’. ಊರಿನ ಕಬಡ್ಡಿ ತಂಡಕ್ಕೆ ಹೊರಗಿನಿಂದ ಬಂದು ರೈಡ್ ಮಾಡುವವನನ್ನು ‘ಅತಿಥಿ ಆಟಗಾರ’ ಎನ್ನುವುದೂ ಇದೇ ಮರ್ಯಾದೆಯಿಂದ. ಅತಿಥಿ ಎಂದ ಮೇಲೆ ಕೂಲಿಯ ಮಾತಾಡುವಂತಿಲ್ಲ. ಕೊಡುವುದಕ್ಕೆ ‘ಗೌರವಧನ’ ಎಂದೋ, ‘ಖರ್ಚಿಗೆ ಇಟ್ಕೋ’ ಎಂದೋ ಹೇಳುತ್ತಾರೆ. ಈ ಮಾತಿನಲ್ಲಿ ಪ್ರೀತಿಯಿದೆ, ಅದನ್ನು ಕಡೆಗಣಿಸಬಾರದು. ಆದರೆ ಎಷ್ಟು, ಯಾವಾಗ, ಗಾಯವಾದರೆ ಏನು ಎಂದು ಕೇಳುವ ದಾರಿಯನ್ನೂ ಇದೇ ಮಾತು ಮುಚ್ಚುತ್ತದೆ.

ಇಂಗ್ಲೆಂಡಿನಲ್ಲಿ ಈ ಗೆರೆಯನ್ನು ಎಳೆದದ್ದು ಅಂತಸ್ತು. ಕ್ರಿಕೆಟ್‌ನಲ್ಲಿ ಹಣ ಪಡೆಯದೆ ಆಡುವವರು ‘ಜಂಟಲ್‌ಮನ್’, ಪಡೆದು ಆಡುವವರು ‘ಪ್ಲೇಯರ್’. ಸ್ಕೋರ್‌ಕಾರ್ಡಿನಲ್ಲಿ ಮೊದಲಿನವರ ಇನಿಷಿಯಲ್ ಹೆಸರಿಗೆ ಮೊದಲು, ಎರಡನೆಯವರದ್ದು ಹೆಸರಾದ ಮೇಲೆ. ಬಟ್ಟೆ ಬದಲಿಸುವ ಕೋಣೆ ಬೇರೆ, ಮೈದಾನಕ್ಕೆ ಇಳಿಯುವ ಬಾಗಿಲೂ ಬೇರೆ. ಈ ಭೇದವನ್ನು ಅಧಿಕೃತವಾಗಿ ತೆಗೆದುಹಾಕಿದ್ದು 1962ರಲ್ಲಿ. ಟೆನಿಸ್ 1968ರಲ್ಲಿ, ರಗ್ಬಿ ಯೂನಿಯನ್ 1995ರಲ್ಲಿ ವೃತ್ತಿಪರರಿಗೆ ಬಾಗಿಲು ತೆರೆದವು. ಈ ಗೆರೆಗೆ ಬಲಿಯಾದವರಲ್ಲಿ ಹೆಚ್ಚು ನೆನಪಾಗುವವರು ಅಮೆರಿಕದ ಮೂಲನಿವಾಸಿ ಕ್ರೀಡಾಪಟು ಜಿಮ್ ಥಾರ್ಪ್. ವಿದ್ಯಾರ್ಥಿಯಾಗಿದ್ದಾಗ ಬೇಸಿಗೆಯಲ್ಲಿ ಚಿಲ್ಲರೆ ಕಾಸಿಗೆ ಬೇಸ್‌ಬಾಲ್ ಆಡಿದ್ದರೆಂಬ ಕಾರಣಕ್ಕೆ 1912ರ ಸ್ಟಾಕ್‌ಹೋಂ ಒಲಿಂಪಿಕ್ಸ್‌ನಲ್ಲಿ ಗೆದ್ದ ಅವರ ಎರಡು ಚಿನ್ನವನ್ನು ಮರುವರ್ಷ ಕಿತ್ತುಕೊಳ್ಳಲಾಯಿತು. ಆ ಎರಡೂ ಸ್ಪರ್ಧೆಗಳ ಏಕೈಕ ವಿಜೇತ ಎಂದು ಅವರ ಹೆಸರು ಮತ್ತೆ ದಾಖಲಾದದ್ದು 2022ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಸುಮಾರು ಏಳು ದಶಕ ಸಂದಿತ್ತು.

ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ ಆಟಕ್ಕೆ ಹಣ ಪಡೆಯುವುದು ಕೀಳೆನಿಸಿರಲಿಲ್ಲ. ಅರಮನೆಯ ಆಶ್ರಯದಲ್ಲಿ ವಿದ್ವಾಂಸರಿದ್ದ ಹಾಗೆ ಪೈಲ್ವಾನರೂ ಇದ್ದರು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರು. ಈ ಬಯಲು–ಅರೆಮಲೆನಾಡಿನ ಜಾತ್ರೆಗಳಲ್ಲಿ ಕುಸ್ತಿಯ ಕಣ ರಥೋತ್ಸವದಷ್ಟೇ ಸಹಜ. ಕಣದ ಅಂಚಿನಲ್ಲಿ ಊರ ಹಿರಿಯರು ಮೈಕಟ್ಟು ನೋಡಿ ಜೋಡಿ ಕಟ್ಟುತ್ತಾರೆ. ಗೆದ್ದವನಿಗೆ ಇನಾಮು, ಕೊನೆಯ ದೊಡ್ಡ ಜೋಡಿಗೆ ಬೆಳ್ಳಿ ಗದೆ ಅಥವಾ ಕಡಗ. ಪಟ್ಟು ಮೆಚ್ಚಿದ ಪ್ರೇಕ್ಷಕರು ಮಟ್ಟಿ ಮೆತ್ತಿದ ಕೈಗೇ ನೋಟು ತುರುಕುತ್ತಾರೆ. ಆ ಪೈಲ್ವಾನ್ ಹವ್ಯಾಸಿಯೋ ವೃತ್ತಿಪರನೋ ಎಂದು ಕೇಳಿದರೆ ಕಣದಲ್ಲಿದ್ದವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಹಾಲು, ಬಾದಾಮಿ, ತುಪ್ಪದ ಖರ್ಚು ಯಾರಾದರೂ ಹೊರಲೇಬೇಕಲ್ಲ.

‘ಹಣ ಮುಟ್ಟದ ಆಟಗಾರ’ ಎಂಬ ಆದರ್ಶ ನಮಗೆ ಬಂದದ್ದು ಕಾಲೇಜುಗಳ ಜೊತೆ, ಒಲಿಂಪಿಕ್ ಚಳವಳಿಯ ಜೊತೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಭಾರತದ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಆ ಪ್ರಯಾಣದ ಹಿಂದೆ ಇದ್ದದ್ದು ದೊರಾಬ್ಜಿ ಟಾಟಾ ಅವರ ಹಣ. ಕೊಡುವ ಕೈ ಇಲ್ಲದಿದ್ದರೆ ಬಡ ಓಟಗಾರನಿಗೆ ಹವ್ಯಾಸಿಯಾಗಿ ಉಳಿಯುವುದೂ ಸಾಧ್ಯವಿರಲಿಲ್ಲ.

ಸ್ವಾತಂತ್ರ್ಯಾನಂತರ ಓದು ಮತ್ತು ಆಟ ಒಂದಕ್ಕೊಂದು ಅಡ್ಡ ಬಂದಾಗ ಓದಿನ ಕೈ ಮೇಲಾಗುತ್ತಿತ್ತು. ಎರಪಳ್ಳಿ ಪ್ರಸನ್ನ 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು ಎಂಜಿನಿಯರಿಂಗ್ ಓದಿಗೆ ಮರಳಿದರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ಸ್ಪಿನ್ ಬೌಲರ್‌ನ ಕೈ ಪಳಗುವ ಐದು ವರ್ಷ ಹಾಗೆ ಹೋಯಿತು. ಆ ಕಾಲಕ್ಕೆ ಟೆಸ್ಟ್ ಆಟ ಜೀವನಕ್ಕೆ ಸಾಲುತ್ತಿರಲಿಲ್ಲ, ಪದವಿ ಸಾಲುತ್ತಿತ್ತು. ತರೀಕೆರೆಯ ಪಕ್ಕದ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರಿಗೆ ನೆಲೆ ಕೊಟ್ಟದ್ದು ಸ್ಟೇಟ್ ಬ್ಯಾಂಕಿನ ನೌಕರಿ. 1990ರಲ್ಲಿ ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿದ್ದಾಗಲೇ ಭಾರತಕ್ಕೆ ಆಡಿದರು. ಅಮೆರಿಕದ ಅಂದಿನ ನಿಯಮದ ಪ್ರಕಾರ ಆಟಕ್ಕೆ ಹಣ ಪಡೆದ ವಿದ್ಯಾರ್ಥಿ ಮರುದಿನದಿಂದ ಆ ಆಟದಲ್ಲಿ ಕಾಲೇಜು ತಂಡಕ್ಕೆ ಅನರ್ಹ. ಇಲ್ಲಿ ಕಾಲೇಜು ಅವರ ಬಗ್ಗೆ ಹೆಮ್ಮೆಪಟ್ಟಿತು. ಎರಡು ನಾಡುಗಳ ಕಾಲೇಜು ಕ್ರೀಡೆಯ ಅಂತರ ಇಷ್ಟರಲ್ಲೇ ಕಾಣುತ್ತದೆ.

ಕಾಲೇಜು, ವಿಶ್ವವಿದ್ಯಾಲಯ

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಪದವಿ ಕಾಲೇಜುಗಳು 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯವು. ಅದರ ಕೇಂದ್ರ ಶಂಕರಘಟ್ಟ ತರೀಕೆರೆಯಿಂದ ಲಕ್ಕವಳ್ಳಿ ದಾಟಿ ಭದ್ರಾ ಅಣೆಕಟ್ಟಿನ ಆಚೆಗೆ ಸಿಗುತ್ತದೆ. ಪ್ರವೇಶದ ವೇಳೆ ಪ್ರತಿ ವಿದ್ಯಾರ್ಥಿಯೂ ಕ್ರೀಡಾ ಶುಲ್ಕ ಕಟ್ಟುತ್ತಾನೆ. ಅದರಲ್ಲಿ ಒಂದು ಪಾಲು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಉಳಿದದ್ದರಲ್ಲಿ ಕಾಲೇಜು ಚೆಂಡು, ನೆಟ್, ಜೆರ್ಸಿ ಕೊಂಡು ತಂಡವನ್ನು ಅಂತರ ಕಾಲೇಜು ಕೂಟಕ್ಕೆ ಕಳಿಸಬೇಕು. ದೈಹಿಕ ಶಿಕ್ಷಣ ನಿರ್ದೇಶಕರನ್ನು ಮಕ್ಕಳು ‘ಪಿ.ಡಿ. ಸರ್’ ಎನ್ನುತ್ತಾರೆ. ಆಡುವ ವಿದ್ಯಾರ್ಥಿಯ ಪಾಲಿಗೆ ತರಬೇತುದಾರ, ಮ್ಯಾನೇಜರ್, ಖಜಾಂಚಿ ಎಲ್ಲವೂ ಅವರೇ. ಬಿಲ್ ಮಂಜೂರಾಗುವ ಮೊದಲೇ ಜೇಬಿನಿಂದ ಹಾಕಿ ತಂಡವನ್ನು ರೈಲು ಹತ್ತಿಸುವ ಪಿ.ಡಿ.ಗಳು ಈ ವ್ಯವಸ್ಥೆಯ ಬೆನ್ನೆಲುಬು. ಕಾಲೇಜು ಕ್ರೀಡೆಯ ಯಾವ ಬಜೆಟ್ಟಿನಲ್ಲೂ ಈ ಖರ್ಚು ಕಾಣುವುದಿಲ್ಲ.

ವಿಶ್ವವಿದ್ಯಾಲಯದ ಆಯ್ಕೆಯಲ್ಲಿ ಗೆದ್ದವನು ‘ಯೂನಿವರ್ಸಿಟಿ ಬ್ಲೂ’. ತರಬೇತಿ ಶಿಬಿರದ ಊಟ, ಟ್ರ್ಯಾಕ್ ಸೂಟು, ಪ್ರಯಾಣ ಭತ್ಯೆ, ದಿನಭತ್ಯೆ, ಹಾಜರಾತಿಯಲ್ಲಿ ರಿಯಾಯಿತಿ ಅವನಿಗೆ ಸಿಗುತ್ತವೆ. ಮುಂದೆ ದಕ್ಷಿಣ ವಲಯ, ಅದನ್ನು ದಾಟಿದರೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟ. ಇವನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ. ಅದು ಮುಖ್ಯವಾಗಿ ಕೇಳುವುದು ವಯಸ್ಸು 17ರಿಂದ 25ರ ಒಳಗಿದೆಯೇ, ಪೂರ್ಣಾವಧಿ ವಿದ್ಯಾರ್ಥಿಯೇ ಎಂಬುದನ್ನು. ಕಾಲೇಜು ಕ್ರೀಡೆಯ ನೀತಿಯೆಲ್ಲ ವಯಸ್ಸು ಮತ್ತು ದಾಖಲಾತಿಯ ಸುತ್ತ ನಿಂತಿದೆ, ಹಣದ ಸುತ್ತ ಅಲ್ಲ.

ಕೂಟಗಳ ಹಂಗಾಮು ಹೊಲದ ಹಂಗಾಮಿಗೆ ಡಿಕ್ಕಿ ಹೊಡೆಯುವುದು ಈ ಸೀಮೆಯ ವಿಶೇಷ ಕಷ್ಟ. ಅಜ್ಜಂಪುರದ ಸುತ್ತ ಈರುಳ್ಳಿ ಕಿತ್ತು, ಒಣಗಿಸಿ, ಬಾಲ ಕತ್ತರಿಸಿ ಚೀಲ ತುಂಬುವ ಕಾಲಕ್ಕೇ ಅಂತರ ಕಾಲೇಜು ಪಂದ್ಯಗಳ ದಿನಾಂಕ ಬರುತ್ತದೆ. ಮನೆಯಲ್ಲಿ ಗಟ್ಟಿ ಮೈಯ ಹುಡುಗನೆಂದರೆ ಆ ವಾರ ಒಬ್ಬ ಆಳು ಉಳಿದಂತೆ. ಅವನು ಮೂರು ದಿನ ಕಬಡ್ಡಿಗೆ ಹೋದರೆ ಅಪ್ಪ ಮೂರು ದಿನದ ಕೂಲಿ ಕೊಟ್ಟು ಬೇರೊಬ್ಬರನ್ನು ಕರೆಯಬೇಕು. ದಿನಭತ್ಯೆ ಆ ಕೂಲಿಗೆ ಸಮನಾಗುವುದಿಲ್ಲ. ಹುಡುಗಿಯರ ಮನೆಯಲ್ಲಿ ಇದರ ಮೇಲೆ ರಾತ್ರಿ ಪ್ರಯಾಣದ ಅಂಜಿಕೆಯೂ ಸೇರುತ್ತದೆ. ಅದಕ್ಕೇ ಪಿ.ಡಿ. ಮನೆ ಬಾಗಿಲಿಗೆ ಹೋಗಿ, ‘ಕಳ್ಸಿಕೊಡಿ ಅಮ್ಮ, ಮೇಡಂ ಜೊತೆಗಿರ್ತಾರೆ, ಸರ್ಟಿಫಿಕೇಟ್ ಸಿಗುತ್ತೆ’ ಎಂದು ಒಪ್ಪಿಸುವುದು ಇಂದಿಗೂ ಆಯ್ಕೆ ಪ್ರಕ್ರಿಯೆಯ ಒಂದು ಭಾಗ.

ರಾತ್ರಿ ಪಂದ್ಯಾವಳಿ

ಹಣ ನೇರವಾಗಿ ಕೈ ಬದಲಾಯಿಸುವ ಜಾಗ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಸುಗ್ಗಿ ಮುಗಿದ ಮೇಲೆ, ಗಣಪತಿಯ ವೇಳೆ, ರಾಜ್ಯೋತ್ಸವಕ್ಕೆ, ಜಾತ್ರೆಗೆ ಯುವಕ ಸಂಘಗಳು ಇವನ್ನು ನಡೆಸುತ್ತವೆ. ರಸ್ತೆ ಬದಿಯ ಫ್ಲೆಕ್ಸಿನಲ್ಲಿ ಪ್ರಥಮ, ದ್ವಿತೀಯ, ತೃತೀಯ ಬಹುಮಾನದ ಮೊತ್ತ, ದಾನಿಗಳ ಫೋಟೋ, ಪ್ರವೇಶ ಶುಲ್ಕ. ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತುಗಳು: ದೇಹತೂಕ ಇಷ್ಟು ಕೆ.ಜಿ. ಒಳಗೆ, ಅತಿಥಿ ಆಟಗಾರರು ಇಷ್ಟೇ ಮಂದಿ, ತೀರ್ಪುಗಾರರ ತೀರ್ಮಾನವೇ ಅಂತಿಮ. ನಾಡಿನ ಹವ್ಯಾಸಿ–ವೃತ್ತಿಪರ ನಿಯಮಾವಳಿ ಏನಾದರೂ ಬರಹದಲ್ಲಿ ಇದ್ದರೆ ಅದು ಈ ಫ್ಲೆಕ್ಸಿನ ತಳದ ಎರಡು ಸಾಲುಗಳಲ್ಲಿದೆ. ಅತಿಥಿಗಳಿಗೆ ಮಿತಿ ಹಾಕಿದ್ದು ಊರ ಹುಡುಗರಿಗೆ ಆಡಲು ಅವಕಾಶ ಉಳಿಯಲಿ ಎಂದು. ಇಂಗ್ಲೆಂಡಿನ ನಿಯಮಕ್ಕೆ ಇಲ್ಲದಿದ್ದ ಒಂದು ನ್ಯಾಯ ಇದಕ್ಕಿದೆ.

ರಾತ್ರಿ ಹತ್ತಕ್ಕೆ ಶುರುವಾದ ಪಂದ್ಯ ಕೋಳಿ ಕೂಗುವವರೆಗೂ ನಡೆಯುತ್ತದೆ. ಮೈಕಿನವನು ಪ್ರತಿ ರೈಡಿಗೂ ಹೆಸರು ಹಿಡಿದು ಕೂಗುತ್ತಾನೆ. ಒಳ್ಳೆಯ ಟ್ಯಾಕಲ್‌ಗೆ ಅಲ್ಲೇ ಯಾರೋ ನಗದು ಘೋಷಿಸುತ್ತಾರೆ. ಬೆಳಗಿನ ಜಾವ ಗೆದ್ದ ತಂಡ ಮೈದಾನದ ಮೂಲೆಯಲ್ಲಿ ವೃತ್ತವಾಗಿ ಕೂತು ಲೆಕ್ಕ ಮಾಡುತ್ತದೆ. ಮೊದಲು ಗಾಡಿ ಬಾಡಿಗೆ, ಆಮೇಲೆ ಪ್ರವೇಶ ಶುಲ್ಕ ಹಾಕಿದವನಿಗೆ ವಾಪಸು, ಅತಿಥಿಗೆ ಒಪ್ಪಿದ್ದು, ಮಂಡಿ ತರಚಿದವನಿಗೆ ಸ್ವಲ್ಪ ಹೆಚ್ಚು, ಉಳಿದದ್ದು ಸಮಪಾಲು. ತಕರಾರು ಕಡಿಮೆ, ಏಕೆಂದರೆ ಎಲ್ಲರೂ ಎಲ್ಲರನ್ನೂ ಬಲ್ಲವರು. ಒಂಬತ್ತು ಗಂಟೆಗೆ ಅದೇ ಹುಡುಗ ಕಣ್ಣು ಉಜ್ಜುತ್ತ ಕಾಲೇಜಿನ ಬೆಂಚಿನಲ್ಲಿರುತ್ತಾನೆ. ಜೇಬಿನಲ್ಲಿರುವ ಹಣ ಪರೀಕ್ಷಾ ಶುಲ್ಕಕ್ಕೋ ತಂಗಿಯ ಪುಸ್ತಕಕ್ಕೋ ಹೋಗುತ್ತದೆ.

ಟೆನಿಸ್ ಬಾಲ್ ಕ್ರಿಕೆಟ್ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿದೆ. ಐಪಿಎಲ್ 2008ರಲ್ಲಿ ಬಂದ ಮೇಲೆ ತಾಲೂಕು, ಹೋಬಳಿ, ಕೆಲವೆಡೆ ಒಂದೊಂದು ಗ್ರಾಮದ ಹೆಸರಿನಲ್ಲೂ ‘ಪ್ರೀಮಿಯರ್ ಲೀಗ್’ ಹುಟ್ಟಿದವು. ಸ್ಥಳೀಯ ವ್ಯಾಪಾರಿಗಳು ತಂಡದ ಮಾಲೀಕರು. ಕಲ್ಯಾಣ ಮಂಟಪದಲ್ಲಿ ಅಂಕಗಳ ಲೆಕ್ಕದಲ್ಲಿ ಹರಾಜು. ಪದವಿಯ ಎರಡನೇ ವರ್ಷದ ಹುಡುಗ ತನ್ನ ಹೆಸರಿಗೆ ಕೂಗು ಏರುವುದನ್ನು ತಾನೇ ಕೂತು ಕೇಳುತ್ತಾನೆ. ಹಣ ಅಷ್ಟಾಗಿ ಇಲ್ಲ, ಆದರೆ ‘ನನಗೂ ಒಂದು ಬೆಲೆಯಿದೆ’ ಎಂಬ ಅರಿವು ಮೂಡುತ್ತದೆ.

ಸರ್ಟಿಫಿಕೇಟು ಎಂಬ ನಾಣ್ಯ

ಈ ಸೀಮೆಯ ಕಾಲೇಜು ಆಟಗಾರನಿಗೆ ನಿಜವಾದ ಸಂಭಾವನೆ ಸರ್ಟಿಫಿಕೇಟು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಅದಕ್ಕೆ ನಿಗದಿತ ನಮೂನೆಗಳಿವೆ. ದೇಶಕ್ಕೆ ಆಡಿದವರಿಗೆ ನಮೂನೆ-1, ರಾಜ್ಯಕ್ಕೆ ಆಡಿದವರಿಗೆ ನಮೂನೆ-2, ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರಿಗೆ ನಮೂನೆ-3, ರಾಷ್ಟ್ರೀಯ ಶಾಲಾ ಕೂಟದವರಿಗೆ ನಮೂನೆ-4. ಹಳ್ಳಿಯ ಹುಡುಗನಿಗೆ ಕೈಗೆಟುಕುವುದು ಮೂರನೆಯದು. ರೈಲ್ವೆ, ಅಂಚೆ, ಆದಾಯ ತೆರಿಗೆ, ಅರೆಸೇನಾ ಪಡೆಗಳಲ್ಲಿ ಕ್ರೀಡಾ ಕೋಟಾ ಇದೆ. ರಾಜ್ಯದ ಪೊಲೀಸ್ ಇಲಾಖೆಯಲ್ಲೂ ಇದೆ. ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗದ ಸಹಿ ಬಿದ್ದ ಆ ಒಂದು ಹಾಳೆಯ ಬೆಲೆ ಇಪ್ಪತ್ತು ರಾತ್ರಿ ಪಂದ್ಯಗಳ ಗಳಿಕೆಗಿಂತ ಹೆಚ್ಚು, ಏಕೆಂದರೆ ಅದು ಮೂವತ್ತು ವರ್ಷದ ಸಂಬಳವಾಗಬಹುದು.

ರೈಲಿನ ಹಾದಿಯಲ್ಲೇ ಇರುವ ಈ ಊರುಗಳಿಗೆ ರೈಲ್ವೆ ನೌಕರಿಯ ಕನಸು ಹತ್ತಿರದ್ದು. ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಕಡೂರು, ಬೀರೂರು, ಅಜ್ಜಂಪುರ; ಬೀರೂರಿನಿಂದ ಶಿವಮೊಗ್ಗಕ್ಕೆ ಕವಲೊಡೆದ ಹಾದಿಯಲ್ಲಿ ತರೀಕೆರೆ. ದೇಶದಲ್ಲಿ ಕ್ರೀಡಾಪಟುಗಳಿಗೆ ಅತಿ ಹೆಚ್ಚು ಕೆಲಸ ಕೊಟ್ಟ ಸಂಸ್ಥೆ ರೈಲ್ವೆ. ಕಾರ್ಕಳದ ಕಡೆಯ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದ ತಂಡದ ನಾಯಕಿ. ಅವರಿಗೂ ಬಾಳಿನ ಆಸರೆ ದಕ್ಷಿಣ ಮಧ್ಯ ರೈಲ್ವೆ. ಹೆಸರಿಗೆ ಗುಮಾಸ್ತೆ ಅಥವಾ ಟಿಕೆಟ್ ಪರೀಕ್ಷಕಿ, ದಿನವೆಲ್ಲ ಅಭ್ಯಾಸ. ಇದನ್ನು ಹವ್ಯಾಸಿ ಎಂದು ಕರೆಯುತ್ತ ಬಂದದ್ದು ಕಾಗದದ ಮಟ್ಟಿಗೆ ಮಾತ್ರ. ಇದರಿಂದ ಕೆಟ್ಟದ್ದೇನೂ ಆಗಲಿಲ್ಲ. ಆಟ ಮುಗಿದ ಮೇಲೂ ಪಿಂಚಣಿಯ ತನಕ ನಿಲ್ಲುವ ಇಂಥ ಭದ್ರತೆಯನ್ನು ಯಾವ ಲೀಗೂ ಕೊಟ್ಟಿಲ್ಲ.

ಕಡೂರಿನ ವೇದಾ ಕೃಷ್ಣಮೂರ್ತಿ

ಹವ್ಯಾಸಿ–ವೃತ್ತಿಪರ ಗೆರೆ ಒಂದೇ ಬದುಕಿನೊಳಗೆ ಅಳಿಸಿಹೋದದ್ದನ್ನು ಕಡೂರಿನಲ್ಲೇ ಕಾಣಬಹುದು. ವೇದಾ ಕೃಷ್ಣಮೂರ್ತಿ 1992ರ ಅಕ್ಟೋಬರ್ 16ರಂದು ಕಡೂರಿನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಕರಾಟೆ ಕಲಿತು ಹನ್ನೆರಡರ ಹೊತ್ತಿಗೆ ಬ್ಲ್ಯಾಕ್ ಬೆಲ್ಟ್ ಪಡೆದರು. ಕ್ರಿಕೆಟ್ ಮಾತ್ರ ಬೀದಿಯ ಹುಡುಗರ ಜೊತೆ. ಹದಿಹರೆಯದಲ್ಲೇ ಬೆಂಗಳೂರಿಗೆ ಹೋಗಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್‌ನಲ್ಲಿ ಇರ್ಫಾನ್ ಸೇಠ್ ಅವರ ಬಳಿ ಪಳಗಿದರು. 2011ರ ಜೂನ್ 30ರಂದು ಡರ್ಬಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಏಕದಿನ ಪಂದ್ಯ ಆಡಿದಾಗ ಅವರಿಗೆ ಹದಿನೆಂಟು ವರ್ಷ; ಗಳಿಸಿದ್ದು 51.

ಆಗ ಮಹಿಳಾ ಕ್ರಿಕೆಟ್‌ನಲ್ಲಿ ಕಾಯಂ ಸಂಬಳ ಎಂಬುದಿರಲಿಲ್ಲ. ಅವರ ಹಿಂದಿನ ತಲೆಮಾರಿನ ಸ್ಥಿತಿ ಇನ್ನೂ ಕಷ್ಟದ್ದು. ಭಾರತದ ಮೊದಲ ನಾಯಕಿ, ಬೆಂಗಳೂರಿನ ಶಾಂತಾ ರಂಗಸ್ವಾಮಿ ಅವರ ಕಾಲದವರು ಕಾಯ್ದಿರಿಸದ ಬೋಗಿಯಲ್ಲಿ ಕೂತು, ಡಾರ್ಮಿಟರಿಯ ನೆಲದ ಮೇಲೆ ಮಲಗಿ, ಕೈಯಿಂದ ಖರ್ಚು ಹಾಕಿಕೊಂಡು ಆಡಿದವರು. ಶಾಂತಾ ಅವರಿಗೆ ಆಧಾರವಾದದ್ದು ಕೆನರಾ ಬ್ಯಾಂಕಿನ ಕೆಲಸ. 2006ರಲ್ಲಿ ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂತು. ವಾರ್ಷಿಕ ಒಪ್ಪಂದ ಶುರುವಾದದ್ದು 2015ರಲ್ಲಿ. ‘ಎ’ ದರ್ಜೆಗೆ ₹15 ಲಕ್ಷ, ‘ಬಿ’ ದರ್ಜೆಗೆ ₹10 ಲಕ್ಷ.

2017ರ ವಿಶ್ವಕಪ್‌ನಲ್ಲಿ ಸೆಮಿಫೈನಲ್‌ಗೆ ಏರಲು ಗೆಲ್ಲಲೇಬೇಕಿದ್ದ ನ್ಯೂಜಿಲೆಂಡ್ ಪಂದ್ಯದಲ್ಲಿ ವೇದಾ 45 ಎಸೆತಕ್ಕೆ 70 ಬಾರಿಸಿದರು. ಜುಲೈ 23ರಂದು ಲಾರ್ಡ್ಸ್‌ನ ಫೈನಲ್‌ನಲ್ಲಿ 34 ಎಸೆತಕ್ಕೆ 35. ಭಾರತ 9 ರನ್‌ನಿಂದ ಸೋತಿತು. ಆ ತಂಡದ ಹದಿನೈದು ಮಂದಿಯಲ್ಲಿ ಹತ್ತು ಮಂದಿ ರೈಲ್ವೆ ನೌಕರರು. ಅವರಲ್ಲಿ ವೇದಾ ಒಬ್ಬರು, ವಿಜಯಪುರದ ರಾಜೇಶ್ವರಿ ಗಾಯಕವಾಡ ಇನ್ನೊಬ್ಬರು. ಕೋಟಿಗಟ್ಟಲೆ ಜನ ಟಿ.ವಿ.ಯಲ್ಲಿ ನೋಡಿದ ವಿಶ್ವಕಪ್ ಫೈನಲ್ಲನ್ನು ಭಾರತದ ಪರ ಹೆಚ್ಚಾಗಿ ಸರ್ಕಾರಿ ನೌಕರಿಯ ಹೆಣ್ಣುಮಕ್ಕಳೇ ಆಡಿದರು. ಆ ಬಳಿಕ ವೇದಾ ಆಸ್ಟ್ರೇಲಿಯಾದ ಬಿಗ್ ಬ್ಯಾಷ್‌ನಲ್ಲಿ ಹೋಬಾರ್ಟ್ ಪರ ಆಡಿದರು. 2022ರಲ್ಲಿ ಬಿಸಿಸಿಐ ಪುರುಷ–ಮಹಿಳೆಯರಿಗೆ ಅಂತರರಾಷ್ಟ್ರೀಯ ಪಂದ್ಯದ ಶುಲ್ಕವನ್ನು ಸಮಾನವಾಗಿಸಿತು: ಟೆಸ್ಟ್‌ಗೆ ₹15 ಲಕ್ಷ, ಏಕದಿನಕ್ಕೆ ₹6 ಲಕ್ಷ, ಟಿ-20ಗೆ ₹3 ಲಕ್ಷ. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಬಂದಾಗ ವೇದಾ ಅವರ ಉತ್ತುಂಗದ ವರ್ಷಗಳು ಕಳೆದಿದ್ದವು. ಎರಡನೇ ಆವೃತ್ತಿಗೆ ಗುಜರಾತ್ ಜೈಂಟ್ಸ್ ಅವರನ್ನು ₹30 ಲಕ್ಷಕ್ಕೆ ಕೊಂಡಿತು. ಅದೇ ಹರಾಜಿನಲ್ಲಿ ಭಾರತಕ್ಕೆ ಇನ್ನೂ ಆಡದಿದ್ದ ಕರ್ನಾಟಕದ ವೃಂದಾ ದಿನೇಶ್ ₹1.3 ಕೋಟಿಗೆ ಯು.ಪಿ. ವಾರಿಯರ್ಸ್ ಪಾಲಾದರು. 48 ಏಕದಿನ, 76 ಟಿ-20 ಪಂದ್ಯಗಳ ಬಳಿಕ ವೇದಾ 2025ರ ಜುಲೈನಲ್ಲಿ ನಿವೃತ್ತಿ ಹೇಳಿದರು. ರೈಲ್ವೆ ನೌಕರಿ, ಮಂಡಳಿಯ ಒಪ್ಪಂದ, ವಿದೇಶಿ ಲೀಗು, ಸ್ವದೇಶಿ ಹರಾಜು: ಪುರುಷರ ಆಟ ಅರ್ಧ ಶತಮಾನದಲ್ಲಿ ಹಾದುಹೋದದ್ದನ್ನು ಕಡೂರಿನ ಈ ಹೆಣ್ಣುಮಗಳು ಹದಿನಾಲ್ಕು ವರ್ಷದಲ್ಲಿ ಕಂಡರು.

ಹರಾಜಿನ ಕಾಲ

ಪ್ರೊ ಕಬಡ್ಡಿ 2014ರ ಜುಲೈ 26ರಂದು ಶುರುವಾಯಿತು. ಅದಕ್ಕೆ ಮನ್ನಣೆ ಕೊಟ್ಟ ಒಕ್ಕೂಟದ ಹೆಸರಿನಲ್ಲೇ ‘ಅಮೆಚೂರ್’ ಇದೆ: ಅಮೆಚೂರ್ ಕಬಡ್ಡಿ ಫೆಡರೇಷನ್ ಆಫ್ ಇಂಡಿಯಾ. ಮೊದಲ ಹರಾಜಿನ ಅತಿ ಹೆಚ್ಚಿನ ಬೆಲೆ ರಾಕೇಶ್ ಕುಮಾರ್‌ಗೆ ₹12.80 ಲಕ್ಷ. 2018ರಲ್ಲಿ ಮೋನು ಗೋಯತ್ ₹1.51 ಕೋಟಿ ಮುಟ್ಟಿದರು. ಬೆಂಗಳೂರು ಬುಲ್ಸ್ ಪ್ರಶಸ್ತಿ ಗೆದ್ದದ್ದು ಆ ಆವೃತ್ತಿಯಲ್ಲೇ. 2023ರಲ್ಲಿ ಪವನ್ ಸೆಹ್ರಾವತ್ ₹2.605 ಕೋಟಿಗೆ ಏರಿದರು. ಅತಿ ಕೆಳಗಿನ ‘ಡಿ’ ವರ್ಗದ ಮೂಲಬೆಲೆಯೇ ₹9 ಲಕ್ಷವಾಯಿತು. ಅದಕ್ಕೂ ಕೆಳಗೆ ‘ಹೊಸ ಯುವ ಆಟಗಾರ’ ಎಂಬ ಪ್ರತ್ಯೇಕ ವರ್ಗವಿದೆ. ಫ್ರಾಂಚೈಸಿಗಳು ಹರಾಜಿಲ್ಲದೆ ನೇರವಾಗಿ ಆರಿಸಿಕೊಳ್ಳುವುದು ಇವರನ್ನು, ಕಾಲೇಜಿನ ವಯಸ್ಸಿನವರನ್ನು. ಕಡೂರಿನ ಮಣ್ಣಿನಂಕಣದಲ್ಲಿ ಆಡುವ ಹುಡುಗನ ಕಣ್ಣು ನೆಟ್ಟಿರುವುದೂ ಇಲ್ಲಿಗೇ. ಆದರೆ ಲೀಗು ಮ್ಯಾಟ್ ಮೇಲೆ ನಡೆಯುತ್ತದೆ. ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿತ ತಿರುವು ಶೂ ಹಾಕಿದ ಮ್ಯಾಟಿನಲ್ಲಿ ಬೇರೆಯೇ ಆಗುತ್ತದೆ. ತಾಲೂಕಿಗೊಂದು ಮ್ಯಾಟ್ ಇಲ್ಲದಿರುವುದು ಸಂಭಾವನೆಯಷ್ಟೇ ದೊಡ್ಡ ಪ್ರಶ್ನೆ.

ಪ್ರೊ ಕಬಡ್ಡಿಯಲ್ಲಿ ಹುಡುಗಿಯರಿಗೆ ಇಂಥ ಬಾಗಿಲು ತೆರೆದಿಲ್ಲ. 2016ರಲ್ಲಿ ಮೂರು ತಂಡಗಳ ಒಂದು ಕಿರು ಪ್ರಯೋಗ ನಡೆದು ಅಲ್ಲಿಗೇ ನಿಂತಿತು. ಅಂತರ ಕಾಲೇಜು ಕೂಟದಲ್ಲಿ ಅಷ್ಟೇ ಚೆನ್ನಾಗಿ ಆಡುವ ವಿದ್ಯಾರ್ಥಿನಿಗೆ ನಮೂನೆ-3ರ ಆಚೆ ಹರಾಜಿನ ದಾರಿಯಿಲ್ಲ.

ಖೋ ಖೋ ಆಟದಲ್ಲಿ ಈ ಬೇಗುದಿ ಬಹಿರಂಗಕ್ಕೆ ಬಂತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ತಂಡಗಳಲ್ಲಿದ್ದ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಟಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಅವರಿಗೆ ರಾಜ್ಯ ಸರ್ಕಾರ ತಲಾ ₹5 ಲಕ್ಷ ಘೋಷಿಸಿತು. ಇಬ್ಬರೂ ಅದನ್ನು ಒಪ್ಪಲಿಲ್ಲ. ಮಹಾರಾಷ್ಟ್ರ ತನ್ನ ಆಟಗಾರರಿಗೆ ₹2.25 ಕೋಟಿ ಮತ್ತು ಸರ್ಕಾರಿ ನೌಕರಿ ಕೊಡುತ್ತಿದೆ, ನಮಗೂ ನೌಕರಿ ಬೇಕು ಎಂಬುದು ಅವರ ಮಾತು. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಪಡೆಯುವ ರೂಢಿಯಿದ್ದ ನಾಡಿನಲ್ಲಿ ಯುವ ಆಟಗಾರರಿಬ್ಬರು ಸನ್ಮಾನದ ಹಣವನ್ನು ಸಂಭಾವನೆಯ ತಕ್ಕಡಿಯಲ್ಲಿಟ್ಟು ತೂಗಿದರು. ಅದು ದುರಾಸೆಯಲ್ಲ, ತಮ್ಮ ದುಡಿಮೆಯ ಬೆಲೆ ಏನೆಂದು ಕೇಳುವ ಹಕ್ಕು.

ಹಣದ ಜೊತೆ ಬರುವ ಅಪಾಯವನ್ನೂ ಹೇಳಬೇಕು. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಕ್ಲಬ್ ಮಟ್ಟದ ಎಷ್ಟೋ ಹುಡುಗರು ಮೊದಲ ಬಾರಿಗೆ ಆಟದ ಹಣ ಕಂಡರು. 2019ರಲ್ಲಿ ಮ್ಯಾಚ್ ಫಿಕ್ಸಿಂಗ್ ತನಿಖೆ, ಬಂಧನಗಳ ಬಳಿಕ ಅದು ನಿಂತುಹೋಯಿತು. 2022ರಿಂದ ಮಹಾರಾಜ ಟ್ರೋಫಿ ಆ ಜಾಗದಲ್ಲಿದೆ.

ದತ್ತು, ವಿದ್ಯಾರ್ಥಿವೇತನ

ಅಮೆರಿಕದ ಕ್ರೀಡಾ ವಿದ್ಯಾರ್ಥಿವೇತನಕ್ಕೆ ಕರ್ನಾಟಕದಲ್ಲಿ ಹತ್ತಿರದ ರೂಪ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ್ದು. ಎಂ. ಮೋಹನ ಆಳ್ವ ಅವರು ಕಟ್ಟಿದ ಈ ಸಂಸ್ಥೆ ಆಟಗಾರರನ್ನು ‘ದತ್ತು’ ಪಡೆದು ಓದು, ಊಟ, ವಸತಿ, ತರಬೇತಿಯನ್ನು ಉಚಿತವಾಗಿ ಕೊಡುತ್ತದೆ. ಒಲಿಂಪಿಕ್ಸ್‌ಗೆ ಹೋದ ಧರುಣ್ ಅಯ್ಯಸಾಮಿ ಅಂಥವರು ಇಲ್ಲಿಂದ ಬಂದವರು. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಮತ್ತೆ ಮತ್ತೆ ಗೆಲ್ಲಲು ಕಾರಣವೂ ಇದೇ. ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯ ಇನ್ನೊಂದು ಕೇಂದ್ರ. 2022ರ ಏಪ್ರಿಲ್–ಮೇ ತಿಂಗಳಲ್ಲಿ ತಾನೇ ಆತಿಥ್ಯ ವಹಿಸಿದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟದಲ್ಲಿ 20 ಚಿನ್ನದೊಂದಿಗೆ ಅದು ಮೊದಲ ಸ್ಥಾನ ಪಡೆಯಿತು. ಹಳ್ಳಿಯ ಹುಡುಗಿಗೆ ಪೌಷ್ಟಿಕ ಊಟವೇ ಸಂಬಳ ಎಂಬುದನ್ನು ಅರಿತವರು ಈ ಪದ್ಧತಿಯನ್ನು ಹಗುರವಾಗಿ ಕಾಣಲಾರರು. ಆದರೆ ಪಿ.ಯು. ಮಟ್ಟದಲ್ಲಿ ಕಣ್ಣಿಗೆ ಬಿದ್ದ ಪ್ರತಿಭೆ ಘಟ್ಟ ಇಳಿದೋ ರಾಜಧಾನಿಯ ರೈಲು ಹತ್ತಿಯೋ ಹೋದರೆ, ಬೆಳೆಸಿದ ತಾಲೂಕಿನ ಸರ್ಕಾರಿ ಕಾಲೇಜಿಗೆ ಉಳಿಯುವುದು ಖಾಲಿ ಅಂಕಣ. ಬೆಳೆಸಿದ ಪಿ.ಡಿ.ಗೆ ಎಲ್ಲೂ ಹೆಸರಿಲ್ಲ.

ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದವರಿಗೆ ವರ್ಷಕ್ಕೆ ₹6.28 ಲಕ್ಷದವರೆಗೆ ನೆರವು; ಅದರಲ್ಲಿ ತಿಂಗಳಿಗೆ ₹10,000 ಕೈಖರ್ಚು, ಉಳಿದದ್ದು ತರಬೇತಿ, ವಸತಿ, ಓದಿಗೆ. ಒಲಿಂಪಿಕ್ ಗುರಿಯ ‘ಟಾಪ್ಸ್’ ಯೋಜನೆಯ ಮುಖ್ಯ ಪಟ್ಟಿಯಲ್ಲಿ ಕೈಖರ್ಚು ತಿಂಗಳಿಗೆ ₹50,000. ಸರ್ಕಾರವೇ ವಿದ್ಯಾರ್ಥಿಗೆ ಆಡುವುದಕ್ಕೆ ತಿಂಗಳ ಹಣ ಕೊಡುವ ಕಾಲದಲ್ಲಿ ಹವ್ಯಾಸಿ ಎಂಬ ಪದ ಬಹುಮಟ್ಟಿಗೆ ಹಳೆಯ ಬೋರ್ಡುಗಳ ಮೇಲೆ ಉಳಿದಿದೆ.

ಅಮೆರಿಕದ ದಾರಿ

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಟಿ.ವಿ. ಹಕ್ಕುಗಳಿಂದ ಶತಕೋಟಿಗಟ್ಟಲೆ ಡಾಲರ್ ತರುವ ಉದ್ಯಮ. 1906ರಲ್ಲಿ ಹುಟ್ಟಿದ ಎನ್‌ಸಿಎಎ ಎಂಬ ಸಂಸ್ಥೆ ಆಟಗಾರರಿಗೆ ಫೀಸು, ಊಟ, ವಸತಿ ಬಿಟ್ಟು ಬೇರೇನೂ ಸಲ್ಲದೆಂದು ದಶಕಗಳ ಕಾಲ ಪಟ್ಟು ಹಿಡಿಯಿತು. ತರಬೇತುದಾರರ ಸಂಬಳಕ್ಕೆ ಮಾತ್ರ ಅಂಥ ಮಿತಿ ಇರಲಿಲ್ಲ. 2021ರ ಜೂನ್ 21ರಂದು ಆಲ್ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಓದಿಗೆ ಸಂಬಂಧಿಸಿದ ನೆರವಿನ ಮೇಲಿನ ಮಿತಿಯನ್ನು ತಳ್ಳಿಹಾಕಿದರು. ಜುಲೈ 1ರಿಂದ ವಿದ್ಯಾರ್ಥಿಗಳು ತಮ್ಮ ಹೆಸರು, ಚಿತ್ರ, ಛಾಪಿನಿಂದ ಗಳಿಸಬಹುದಾಯಿತು. 2025ರ ಜೂನ್ 6ರಂದು ಒಪ್ಪಿಗೆ ಪಡೆದ ಹೌಸ್ ಪ್ರಕರಣದ ರಾಜಿಯಂತೆ ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ ಸಲ್ಲಬೇಕು. ಅಲ್ಲಿಂದ ಮುಂದೆ ರಾಜಿಗೆ ಒಪ್ಪಿದ ಪ್ರತಿ ವಿಶ್ವವಿದ್ಯಾಲಯ ಮೊದಲ ವರ್ಷದಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದಾಯಿತು. ಅಲ್ಲಿಗೆ ವಿದ್ಯಾರ್ಥಿ ವೀಸಾದಲ್ಲಿ ಹೋದ ನಮ್ಮ ಮಕ್ಕಳಿಗೆ ಈ ಬಾಗಿಲು ಬಹುತೇಕ ಮುಚ್ಚಿದೆ, ಏಕೆಂದರೆ ಎಫ್-1 ವೀಸಾ ಹೊರಗಿನ ದುಡಿಮೆಗೆ ಕಡಿವಾಣ ಹಾಕುತ್ತದೆ. ಅಲ್ಲಿನ ಪೌರತ್ವವಿರುವ ಕನ್ನಡ ಮನೆತನದ ಮಕ್ಕಳಿಗೆ ಆ ತೊಡಕಿಲ್ಲ.

ಅಲ್ಲಿನ ಹಣದ ಮೂಲ ಇಲ್ಲಿಲ್ಲ. ಕುವೆಂಪು ವಿಶ್ವವಿದ್ಯಾಲಯದ ಕಬಡ್ಡಿ ತಂಡದ ಆಟಕ್ಕೆ ಟಿಕೆಟ್ಟಿಲ್ಲ, ಟಿ.ವಿ. ಹಕ್ಕಿಲ್ಲ, ಹಂಚಲು ಲಾಭವೇ ಇಲ್ಲ. ಹಾಗಾಗಿ ಅಲ್ಲಿನ ತೀರ್ಪನ್ನು ಇಲ್ಲಿಗೆ ತಂದು ಕೂರಿಸುವುದರಲ್ಲಿ ಅರ್ಥವಿಲ್ಲ. ತರಬೇಕಾದದ್ದು ಅಲ್ಲಿನ ಒಂದು ಅಭ್ಯಾಸವನ್ನು, ಕೊಡುವುದನ್ನು ಬರೆದು ಕೊಡುವುದನ್ನು.

ಗಾಯ

ಕಬಡ್ಡಿಯಲ್ಲಿ ಹಿಂದಿನಿಂದ ಸೊಂಟ ಹಿಡಿದಾಗ ಪಾದ ನೆಲಕ್ಕೆ ಕಚ್ಚಿಕೊಂಡು ಮಂಡಿ ತಿರುಗಿದರೆ ಒಳಗಿನ ಲಿಗಮೆಂಟ್ ಹರಿಯುತ್ತದೆ. ಆಟಗಾರರು ‘ಎಸಿಎಲ್ ಹೋಯ್ತು’ ಎನ್ನುವುದು ಇದನ್ನೇ. ಅಂತರ ಕಾಲೇಜು ಪಂದ್ಯದಲ್ಲಾದರೆ ಪಿ.ಡಿ. ಅರ್ಜಿ ಬರೆಯುತ್ತಾರೆ, ಕಾಲೇಜಿನಲ್ಲಿ ಚಂದಾ ಎತ್ತುತ್ತಾರೆ. ರಾತ್ರಿ ಪಂದ್ಯಾವಳಿಯಲ್ಲಾದರೆ ಸಂಘದವರು ಜೀಪಿನಲ್ಲಿ ತಾಲೂಕು ಆಸ್ಪತ್ರೆಗೆ ಒಯ್ಯುತ್ತಾರೆ, ಒಂದಿಷ್ಟು ಕೈಗಿಡುತ್ತಾರೆ. ಶಸ್ತ್ರಚಿಕಿತ್ಸೆ ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ. ಆಮೇಲೆ ಆರೆಂಟು ತಿಂಗಳು ಫಿಸಿಯೋಥೆರಪಿ. ಆ ಹೊತ್ತಿಗೆ ಅವನು ಪದವಿಯ ಕೊನೆಯ ಸೆಮಿಸ್ಟರ್ ಮುಗಿಸಿರುತ್ತಾನೆ, ವಿಶ್ವವಿದ್ಯಾಲಯದ ತಂಡದಲ್ಲಿ ಅವನ ಜಾಗ ಇನ್ನೊಬ್ಬನದಾಗಿರುತ್ತದೆ. ಪ್ರವೇಶ ಶುಲ್ಕ ಪಡೆಯುವಾಗಲೇ ಪ್ರತಿ ಆಟಗಾರನ ಹೆಸರಿನಲ್ಲಿ ಒಂದು ಸಣ್ಣ ಅಪಘಾತ ವಿಮೆ ಮಾಡಿಸುವುದು ಸಂಘಟಕರಿಗೆ ಭಾರವಲ್ಲ. ಮೊದಲ ಬಹುಮಾನದ ಟ್ರೋಫಿಯನ್ನು ಒಂದು ಅಡಿ ಗಿಡ್ಡ ಮಾಡಿದರೆ ಅದರ ಹಣ ಹೊರಡುತ್ತದೆ. ಅತಿಥಿ ಆಟಗಾರನಿಗೆ ಕೊಡುವುದನ್ನು ಅವನ ಖಾತೆಗೇ ಹಾಕಿದರೆ ಅವನ ಬಳಿ ದುಡಿಮೆಯ ಒಂದು ದಾಖಲೆಯಾದರೂ ಉಳಿಯುತ್ತದೆ.

ಈಗ ಅವನ ಬಳಿ ಇರುವ ದಾಖಲೆ ಒಂದೇ. ನೇಮಕಾತಿ ಟ್ರಯಲ್ಸ್‌ಗೆ ಹೊರಟು ಬೀರೂರು ಜಂಕ್ಷನ್ನಿನಲ್ಲಿ ರೈಲು ಕಾಯುವ ಹುಡುಗರನ್ನು ಗಮನಿಸಿದರೆ ಗೊತ್ತಾಗುತ್ತದೆ. ಹೆಗಲ ಚೀಲದಲ್ಲಿ ಶೂ, ಟವೆಲ್, ಅವ್ವ ಕಟ್ಟಿಕೊಟ್ಟ ರೊಟ್ಟಿ. ಮಡಿಲಲ್ಲಿ ಪ್ಲಾಸ್ಟಿಕ್ ಫೋಲ್ಡರ್. ಅದರಲ್ಲಿ ಲ್ಯಾಮಿನೇಟ್ ಮಾಡಿಸಿದ ತಾಲೂಕು, ಜಿಲ್ಲಾ, ದಸರಾ ಕ್ರೀಡಾಕೂಟದ ಪ್ರಮಾಣಪತ್ರಗಳು. ನಮೂನೆ-3 ಇದ್ದವನು ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟಿರುತ್ತಾನೆ. ಸಹಿಯ ಮಸಿ ಅಳಿಸದಿರಲಿ ಎಂದು ಅದರ ಮೇಲೊಂದು ಬಿಳಿ ಹಾಳೆ.